ಅಪ್‌ಡೇಟ್: ಅಕ್ಕ-ತಮ್ಮನ ನಾಟಕ, ಎರಡನೇ ಅಂಕ
ಬಾಗಲಕೋಟೆಯಲ್ಲಿ ತಾಲೀಮು ನಡೆದಿರುವ ಅಪ್ರಕಟಿತ ನಾಟಕದ ಎರಡನೇ ಅಂಕ ಯಾಕೆ ಜೋಲುತ್ತದೆ ಎಂದು ಹಿಂದಿನ ಪೋಸ್ಟ್‌ನಲ್ಲಿ ಕೇಳಿದ್ದೆ. ಕುಂತು ಓದಿದರೆ 38 ನಿಮಿಷ, ರಂಗದ ಮೇಲೆ 51. ಅಕ್ಕ ತನ್ನ ಮದುವೆ ನಿಶ್ಚಯಕ್ಕೆ ಹೂಂ ಅನ್ನುವುದು, ತಮ್ಮ ತಾನೊಬ್ಬಳನ್ನು ಪ್ರೀತಿಸುವುದನ್ನು ಬಾಯಿಬಿಡುವುದು ಬೇರೆ ಬೇರೆ ದೃಶ್ಯದಲ್ಲಿದ್ದವು. ಹಾಗಾಗಿ ಒಂದೇ ಜಗಳ ಎರಡು ಸಲ. ಈಗ ಎರಡೂ ಪಡಸಾಲೆಯಲ್ಲೇ, ಉಡಿ ತುಂಬುವ ಹೊತ್ತಿಗೆ. 9 ಪುಟ ಹೋದವು. ತಮ್ಮನ ಉದ್ದ ಭಾಷಣದ ಜಾಗದಲ್ಲಿ ಒಂದೇ ಸಾಲು: “ಯಕ್ಕಾ, ನಿನಗ ಖರೇನ ಒಪ್ಪಿಗಿ ಐತೇನು?”

ಹೊಸ ತೊಡಕು ಇಳಕಲ್ ಸೀರೆಯದು. ಅಕ್ಕನ ಪಾತ್ರದವಳಿಗೆ ಅದನ್ನು ತೆರೆಮರೆಯಲ್ಲಿ ಉಡಲು 4 ನಿಮಿಷ ಬೇಕು, ಆ ಹೊತ್ತಿಗೆ ರಂಗದ ಮೇಲಿನ ಮಾತು 2 ನಿಮಿಷದ್ದು. ಮಾತು ಹಿಗ್ಗಿಸಿದರೆ ಮತ್ತೆ ಜೋಲುತ್ತದೆ. ನಿರಿಗೆ ಮೊದಲೇ ಹೊಲಿದು ಹುಕ್ಕು ಹಾಕಿಸಿದ ಮೇಲೆ ಒಂದೂವರೆ ನಿಮಿಷ ಸಾಕಾಯಿತು.