ಆಸ್ಪತ್ರೆ ಮೇಲೆ ದಾಳಿ ಆದರೆ ಕಾನೂನು ಏನು ಕೇಳುತ್ತದೆ? ನಿವೃತ್ತ ಸೇನಾ ಕಾನೂನು ಅಧಿಕಾರಿ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಪಿಯು ಕಾಲೇಜು ರಾಜ್ಯಶಾಸ್ತ್ರ ಉಪನ್ಯಾಸಕಿ, ಹಾಸನ):
ನಮಸ್ಕಾರ ಸರ್. ಜಿನೀವಾ ಒಪ್ಪಂದಗಳ, ಅಂದರೆ ಯುದ್ಧದ ನಿಯಮಗಳ, ಪಾಠ ಮಾಡುವಾಗ ಹುಡುಗರು ಒಂದೇ ಪ್ರಶ್ನೆ ಹಿಡಿದು ಕೂತರು. ಆಸ್ಪತ್ರೆಯೊಳಗೆ ಶತ್ರು ಇದ್ದರೆ ಬಾಂಬ್ ಹಾಕಬಹುದಾ? ಟಿವಿ ಚರ್ಚೆಯಲ್ಲಿ ಒಬ್ಬರು ಹೌದು ಅಂತಾರೆ, ಇನ್ನೊಬ್ಬರು ಯಾವತ್ತೂ ಇಲ್ಲ ಅಂತಾರೆ. ಒಂದು ನಿಜವಾದ ಘಟನೆ ಇಟ್ಟುಕೊಂಡು ಹೇಳಿದರೆ ತರಗತಿಗೆ ಅನುಕೂಲ.

ಉತ್ತರ:
ಮೇಡಂ, ಇಬ್ಬರೂ ಅರ್ಧರ್ಧ ಹೇಳಿದ್ದಾರೆ. ಗಾಯಗೊಂಡ ಶತ್ರು ಹಾಸಿಗೆ ಮೇಲಿದ್ದರೆ ಆಸ್ಪತ್ರೆಗೆ ಇರುವ ರಕ್ಷಣೆ ಒಂದಿಷ್ಟೂ ಕಡಿಮೆ ಆಗುವುದಿಲ್ಲ. ಅವನಿಂದ ಕಿತ್ತುಕೊಂಡ ಬಂದೂಕು ಮೂಲೆಯಲ್ಲಿದ್ದರೂ ಅಷ್ಟೇ. ಅದೇ ಮಾಳಿಗೆ ಮೇಲಿಂದ ಗುಂಡು ಹಾರಿಸುತ್ತಿದ್ದರೆ, ಒಳಗೆ ಮದ್ದುಗುಂಡು ತುಂಬಿಟ್ಟಿದ್ದರೆ ಮಾತು ಬೇರೆ. ಆಗಲೂ 1949ರ ನಾಲ್ಕನೇ ಜಿನೀವಾ ಒಪ್ಪಂದದ 19ನೇ ವಿಧಿ ಪ್ರಕಾರ ಮೊದಲು ಎಚ್ಚರಿಕೆ ಕೊಡಬೇಕು, ನಿಲ್ಲಿಸಲು ಸಮಯ ಕೊಡಬೇಕು. ಅದಕ್ಕೂ ಬಗ್ಗದಿದ್ದರೆ ಮಾತ್ರ ರಕ್ಷಣೆ ಹೋಗುತ್ತದೆ. ಹೋದ ಮೇಲೂ ರೋಗಿಗಳ ಜೀವ ಲೆಕ್ಕಕ್ಕೆ ಬರುತ್ತದೆ. ಒಬ್ಬ ಸ್ನೈಪರ್‌ಗಾಗಿ ಇಡೀ ವಾರ್ಡ್ ಉರುಳಿಸುವಂತಿಲ್ಲ.

ಘಟನೆ ಬೇಕು ಅಂದಿರಿ. ಅಫ್ಘಾನಿಸ್ತಾನದ ಕುಂದೂಜ್ ತಗೊಳ್ಳಿ. 2015ರ ಸೆಪ್ಟೆಂಬರ್ 28ಕ್ಕೆ ಊರು ತಾಲಿಬಾನ್ ಕೈಗೆ ಹೋಯಿತು. ಅಲ್ಲಿ ಎಂಎಸ್‌ಎಫ್, ಅಂದರೆ ಗಡಿಗಳಿಲ್ಲದ ವೈದ್ಯರ ಸಂಸ್ಥೆ, ಅಪಘಾತ ಮತ್ತು ಗಾಯಾಳುಗಳ ಆಸ್ಪತ್ರೆ ನಡೆಸುತ್ತಿತ್ತು. ಎರಡೂ ಕಡೆಯವರಿಗೂ ಅಲ್ಲಿ ಚಿಕಿತ್ಸೆ ಇತ್ತು. ಮರುದಿನವೇ ಸಂಸ್ಥೆಯವರು ತಮ್ಮ ಜಿಪಿಎಸ್ ವಿವರವನ್ನು ಅಮೆರಿಕ ಮತ್ತು ಅಫ್ಘನ್ ಸೇನೆಗೆ ಮತ್ತೊಮ್ಮೆ ಕಳಿಸಿದರು. ಆಸ್ಪತ್ರೆ 'ದಾಳಿ ಮಾಡಬಾರದ ಜಾಗ'ಗಳ ಪಟ್ಟಿಯಲ್ಲೂ ಇತ್ತು.

ಅಕ್ಟೋಬರ್ 3ರ ನಸುಕಿಗೆ ಅಮೆರಿಕದ ಎಸಿ-130 ವಿಮಾನ ಆ ಕಟ್ಟಡದ ಮೇಲೆ 211 ಸುತ್ತು ಹಾರಿಸಿತು. 42 ಜನ ಸತ್ತರು. ಅವರಲ್ಲಿ 14 ಮಂದಿ ಅಲ್ಲಿನ ಸಿಬ್ಬಂದಿ.

ಇದು ಹೇಗಾಯಿತು ಅನ್ನೋದನ್ನೇ ಹುಡುಗರಿಗೆ ನಿಧಾನವಾಗಿ ಹೇಳಿ. ವಿಮಾನ ಬೇರೊಂದು ತುರ್ತಿಗೆ ಅಂತ ಅವಸರದಲ್ಲಿ ಹಾರಿತ್ತು. ಆ ಪಟ್ಟಿ ವಿಮಾನದ ಸಿಬ್ಬಂದಿಗೆ ಸಿಕ್ಕಿರಲಿಲ್ಲ. ಹಾರಾಟದ ಮಧ್ಯೆ ಮಾಹಿತಿ ಕಳಿಸುವ ಸಂಪರ್ಕವೂ ಕೈಕೊಟ್ಟಿತು. ನಿಜವಾದ ಗುರಿ ತಾಲಿಬಾನ್ ಕೈಗೆ ಹೋಗಿದ್ದ ಅಫ್ಘನ್ ಗುಪ್ತಚರ ಸಂಸ್ಥೆಯ ಕಟ್ಟಡ. ಕ್ಷಿಪಣಿ ಬರುತ್ತಿದೆ ಅಂತ ವಿಮಾನ ದೂರ ಸರಿದಿತ್ತು. ಹಾಗಾಗಿ ಕೊಟ್ಟ ಜಿಪಿಎಸ್ ಸಂಖ್ಯೆ ಹಾಕಿದಾಗ ಯಂತ್ರ ಖಾಲಿ ಹೊಲವನ್ನು ತೋರಿಸಿತು. ಆಗ ಸಿಬ್ಬಂದಿ ನೆಲದ ಮೇಲಿದ್ದ ಪಡೆಯಿಂದ ಬಂದ ಬಾಯಿಮಾತಿನ ವರ್ಣನೆಗೆ ಹೊಂದುವ ದೊಡ್ಡ ಕಟ್ಟಡ ಹುಡುಕಿದರು. ಸಿಕ್ಕಿದ್ದು ಆಸ್ಪತ್ರೆ.

ಆಮೇಲೆ ವಿಮಾನ ಮೊದಲಿನ ಜಾಗಕ್ಕೆ ಹತ್ತಿರ ಬಂತು. ಅದೇ ಸಂಖ್ಯೆಗೆ ಯಂತ್ರ ಈಗ ಸರಿಯಾದ ಕಟ್ಟಡವನ್ನೇ ತೋರಿಸಿತು. ಆದರೂ ಸಿಬ್ಬಂದಿ ವರ್ಣನೆಯನ್ನೇ ನಂಬಿದರು. ಆ ಕಟ್ಟಡದಿಂದ ಗುಂಡು ಬರುತ್ತಿರಲಿಲ್ಲ, ಅಲ್ಲಿ ಓಡಾಡುತ್ತಿದ್ದವರು ದಾಳಿ ಮಾಡುತ್ತಿರಲಿಲ್ಲ. ಗುಂಡು ಹಾರಿಸುವ ಸುಮಾರು ಒಂದು ನಿಮಿಷ ಮೊದಲು ಆಸ್ಪತ್ರೆಯ ಜಿಪಿಎಸ್ ಸಂಖ್ಯೆಯನ್ನೇ ಬಾಗ್ರಾಮ್‌ನಲ್ಲಿದ್ದ ಅಮೆರಿಕ ಸೇನೆಯ ಕೇಂದ್ರಕ್ಕೆ ಹೇಳಿದರು. ಪಟ್ಟಿ ಅಲ್ಲಿತ್ತು. ಯಾರೂ ತಾಳೆ ನೋಡಲಿಲ್ಲ. ದಾಳಿ ಶುರುವಾಗಿ ಹತ್ತು ಹನ್ನೆರಡು ನಿಮಿಷಕ್ಕೆ ಆಸ್ಪತ್ರೆಯವರ ಫೋನ್ ಬಾಗ್ರಾಮ್‌ಗೆ ಬಂತು. ಗುಂಡು ನಿಂತಿದ್ದು ಅದಾಗಿ ಇನ್ನೂ ಎಷ್ಟೋ ನಿಮಿಷದ ಮೇಲೆ.

ಕಾನೂನಿನ ಭಾಷೆಯಲ್ಲಿ ಇದಕ್ಕೆ 'ಮುನ್ನೆಚ್ಚರಿಕೆಯ ಕರ್ತವ್ಯ' ಅಂತಾರೆ. ಗುರಿ ಸೈನಿಕ ಗುರಿಯೇ ಅಂತ ಖಚಿತ ಮಾಡಿಕೊಳ್ಳಲು ಸಾಧ್ಯವಿರುವುದೆಲ್ಲ ಮಾಡಬೇಕು. ಅನುಮಾನ ಬಂದರೆ ನಿಲ್ಲಿಸಬೇಕು. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಹೆಚ್ಚುವರಿ ಪ್ರೋಟೋಕಾಲ್‌ನ 57ನೇ ವಿಧಿಯಲ್ಲಿ ಇದು ಬರೆದಿದೆ. ಅಮೆರಿಕ ಅದಕ್ಕೆ ಸೇರಿಲ್ಲ, ನಮ್ಮ ದೇಶವೂ ಸೇರಿಲ್ಲ. ಆದರೆ ಇದರ ತಿರುಳು ರೂಢಿಗತ ಕಾನೂನು, ಅಂದರೆ ದೇಶಗಳ ನಡವಳಿಕೆಯಿಂದಲೇ ಬೆಳೆದ ಕಾನೂನು ಆಗಿದೆ, ಎಲ್ಲರಿಗೂ ಅನ್ವಯ.

ಪ್ರಶ್ನೆ (ವಕೀಲರು, ಹುಬ್ಬಳ್ಳಿ):
ಸರ್, ಹಾಗಾದರೆ ಯಾರಿಗೆ ಶಿಕ್ಷೆ ಆಯಿತು? ಬೇಕಂತ ಮಾಡಿಲ್ಲ ಅಂದಮೇಲೆ ಯುದ್ಧಾಪರಾಧ ಆಗಲ್ಲ ಅಲ್ವಾ?

ಉತ್ತರ:
ವಕೀಲರು ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. 2016ರ ಏಪ್ರಿಲ್‌ನಲ್ಲಿ ಬಂದ ಅಮೆರಿಕ ಸೇನೆಯ ವರದಿ ಎರಡು ಮಾತು ಹೇಳಿತು. ಒಂದು, ಕೆಲವರು ಯುದ್ಧದ ಕಾನೂನನ್ನೂ ಸೇನೆಯ ನಿಯಮವನ್ನೂ ಮುರಿದಿದ್ದಾರೆ. ಎರಡು, ಉದ್ದೇಶ ಇರಲಿಲ್ಲ, ಆದ್ದರಿಂದ ಯುದ್ಧಾಪರಾಧ ಅಲ್ಲ. 16 ಮಂದಿ ಮೇಲೆ ಇಲಾಖೆಯೊಳಗೇ ಶಿಸ್ತುಕ್ರಮ ಆಯಿತು. ಕೋರ್ಟ್ ಮಾರ್ಷಲ್ ಒಂದೂ ಇಲ್ಲ. ಸತ್ತವರ ಮನೆಯವರಿಗೆ 6,000 ಡಾಲರ್, ಗಾಯಗೊಂಡವರಿಗೆ 3,000. ಸ್ವತಂತ್ರ ಅಂತರರಾಷ್ಟ್ರೀಯ ತನಿಖೆ ಆಗಲಿ ಅಂತ ಎಂಎಸ್‌ಎಫ್ ಕೇಳಿತ್ತು. ಅದು ಆಗಲೇ ಇಲ್ಲ.

ನನಗೆ ಈ ಎರಡನೇ ಮಾತು ಒಪ್ಪಿಗೆ ಆಗಿಲ್ಲ. 'ಬೇಕಂತ' ಮತ್ತು 'ಅಪ್ಪಿತಪ್ಪಿ' ನಡುವೆ ಇನ್ನೊಂದು ಮೆಟ್ಟಿಲಿದೆ. ಅಪಾಯ ಕಣ್ಣಮುಂದೆ ಇದ್ದೂ 'ಆದದ್ದಾಗಲಿ' ಅಂತ ಮುಂದುವರಿಯುವುದು. ಬೋಸ್ನಿಯಾದ ಸರಾಯೆವೋ ನಗರದ ಮುತ್ತಿಗೆಗೆ ಸಂಬಂಧಿಸಿದ ಸೇನಾಧಿಕಾರಿ ಗಾಲಿಚ್ ಪ್ರಕರಣದಲ್ಲಿ, ಯುಗೊಸ್ಲಾವಿಯಾದ ಯುದ್ಧಾಪರಾಧಗಳಿಗೆ ವಿಶ್ವಸಂಸ್ಥೆ ಸ್ಥಾಪಿಸಿದ ನ್ಯಾಯಮಂಡಳಿ 2003ರಲ್ಲಿ ಇಂಥ ಬೇಪರ್ವಾಯಿಯನ್ನೂ ಉದ್ದೇಶದ ಒಳಗೇ ಸೇರಿಸಿತು. ಕುಂದೂಜ್‌ನ ಪ್ರತಿಯೊಬ್ಬನೂ ಆ ಮೆಟ್ಟಿಲಿಗೆ ಹೋಗಿದ್ದ ಅಂತ ನಾನು ಹೇಳಲ್ಲ. ಆದರೆ ಯಂತ್ರ ಬೇರೆ ಕಟ್ಟಡ ತೋರಿಸುತ್ತಿದೆ ಅಂತ ಗೊತ್ತಿದ್ದೂ ಹಾರಿಸಿದ್ದು ಯಾವ ಮೆಟ್ಟಿಲು ಅನ್ನೋದನ್ನು ನ್ಯಾಯಾಲಯ ತೀರ್ಮಾನಿಸಬೇಕಿತ್ತು. ತಪ್ಪು ಮಾಡಿದ ಸೇನೆಯೇ ಕೂತು ತೀರ್ಮಾನಿಸಿದರೆ ಹೇಗೆ?

ಪ್ರಶ್ನೆ (ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು):
ಈಗ ಗುರಿ ಹುಡುಕೋಕೆ ಎಐ ಬಂದಿದೆ. ಮನುಷ್ಯನ ಕಣ್ಣಿಗಿಂತ ಯಂತ್ರವೇ ವಾಸಿ ಅಂತ ಕುಂದೂಜ್ ಕಥೆಯಿಂದ ಅನಿಸುತ್ತೆ. ಸರಿನಾ?

ಉತ್ತರ:
ಆ ಹೊತ್ತಿಗೆ ಯಂತ್ರ ಸರಿ ಇತ್ತು, ನಿಜ. ಸ್ವಲ್ಪ ಮುಂಚೆ ಅದೇ ಯಂತ್ರ ಖಾಲಿ ಹೊಲ ತೋರಿಸಿತ್ತು, ಅದೂ ನಿಜ. ಎರಡು ಮೂಲಗಳು ಒಂದಕ್ಕೊಂದು ತಾಳೆ ಆಗದಿದ್ದರೆ ಟ್ರಿಗರ್ ಮೇಲಿಂದ ಬೆರಳು ತೆಗೆಯಬೇಕು, ಅಷ್ಟೇ. ನನ್ನ ಚಿಂತೆ ವೇಗದ್ದು. ದಿನಕ್ಕೆ ನೂರಾರು ಗುರಿ ಪರದೆ ಮೇಲೆ ಬಂದರೆ, ಅಧಿಕಾರಿ ಸುಮ್ನೆ ಸಹಿ ಹಾಕುವ ಗುಮಾಸ್ತ ಆಗಿಬಿಡುತ್ತಾನೆ. ಕಾನೂನಿನ ಮುಂದೆ ಮಾತ್ರ ಹೊಣೆ ಅವನದೇ. ಸಾಫ್ಟ್‌ವೇರ್ ಅನ್ನು ಕಟಕಟೆಯಲ್ಲಿ ನಿಲ್ಲಿಸೋಕಾಗಲ್ಲ.

ಪ್ರಶ್ನೆ (ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆಗೆ ಓದುತ್ತಿರುವ ಹುಡುಗ, ಮಡಿಕೇರಿ):
ಸರ್, ಮೇಲಿನವರು ಆರ್ಡರ್ ಕೊಟ್ಟರೆ ಇಲ್ಲ ಅನ್ನೋಕಾಗುತ್ತಾ?

ಉತ್ತರ:
ಆಗುತ್ತೆ ಮಗಾ, ಆದರೆ ಸುಲಭ ಅಲ್ಲ. ನಮ್ಮ 1950ರ ಸೇನಾ ಕಾಯ್ದೆಯ 41ನೇ ಸೆಕ್ಷನ್ ಅವಿಧೇಯತೆಗೆ ಶಿಕ್ಷೆ ಹೇಳುತ್ತದೆ. ಅಲ್ಲೇ 'ಕಾನೂನುಬದ್ಧ ಆದೇಶ' ಅಂತ ಇದೆ. ಆ ಒಂದು ಪದ ಓದಿಕೋ. ಶರಣಾದವನಿಗೆ ಗುಂಡಿಡು ಅನ್ನೋದು ಕಾನೂನುಬದ್ಧ ಆದೇಶ ಅಲ್ಲವೇ ಅಲ್ಲ. ಆದೇಶ ಇತ್ತು ಅನ್ನೋ ನೆಪ ಅಲ್ಲಿ ನಿಲ್ಲುವುದಿಲ್ಲ. ಇನ್ನು ಗುರಿ ಸರಿಯೋ ತಪ್ಪೋ ಅನ್ನುವ ಗೊಂದಲ ಇದ್ದರೆ, ಜಗಳ ಬೇಡ. ರೇಡಿಯೋದಲ್ಲಿ 'ಖಚಿತಪಡಿಸಿ' ಅಂತ ಕೇಳು. ಅದು ನಿನ್ನ ಹಕ್ಕೂ ಹೌದು, ಕೆಲಸವೂ ಹೌದು.

1968ರ ಮಾರ್ಚ್ 16ರಂದು ವಿಯೆಟ್ನಾಂನ ಮೈ ಲಾಯ್‌ನಲ್ಲಿ ಅಮೆರಿಕದ ಸೈನಿಕರು ಹಳ್ಳಿಯವರನ್ನು ಕೊಲ್ಲುತ್ತಿದ್ದರು. ಅದೇ ಸೇನೆಯ ಹೆಲಿಕಾಪ್ಟರ್ ಪೈಲಟ್ ಹ್ಯೂ ಥಾಂಪ್ಸನ್ ಮಧ್ಯೆ ಬಂದು ಇಳಿದ. ನಮ್ಮವರು ಇವರ ಮೇಲೆ ಹಾರಿಸಿದರೆ ನೀವು ನಮ್ಮವರ ಮೇಲೇ ಹಾರಿಸಿ ಅಂತ ತನ್ನ ಗನ್ನರ್‌ಗಳಿಗೆ ಹೇಳಿದ. ಅವನಿಗೆ ಸೇನೆಯ 'ಸೋಲ್ಜರ್ಸ್ ಮೆಡಲ್' ಪದಕ ಸಿಕ್ಕಿದ್ದು 30 ವರ್ಷ ಬಿಟ್ಟು, 1998ರಲ್ಲಿ. ಅದಕ್ಕೂ ಮುಂಚೆ ಅವನನ್ನು ದ್ರೋಹಿ ಅಂದವರೂ ಇದ್ದರು.

ನಿಮ್ಮ ಊರಿನದೂ ಒಂದಿದೆ. 1965ರ ಯುದ್ಧದಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರ ಮಗ, ವಾಯುಪಡೆ ಪೈಲಟ್, ಪಾಕಿಸ್ತಾನಕ್ಕೆ ಸೆರೆ ಸಿಕ್ಕರು. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಜೊತೆ ಕೆಲಸ ಮಾಡಿದವರು, ಬಿಡುಗಡೆ ಮಾಡ್ತೀವಿ ಅಂತ ಹೇಳಿ ಕಳಿಸಿದರಂತೆ. ಕಾರ್ಯಪ್ಪ ಒಪ್ಪಲಿಲ್ಲ. ಎಲ್ಲ ಸೆರೆಯಾಳುಗಳೂ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ತರ ನೋಡಿಕೊಳ್ಳಿ ಅಂದರಂತೆ.

ಪ್ರಶ್ನೆ (ವಕೀಲರು, ಹುಬ್ಬಳ್ಳಿ):
ಕೊನೆಯದು ಸರ್. ಇದೆಲ್ಲ ನಮ್ಮ ಕೋರ್ಟಿಗೆ ತರಬಹುದಾ?

ಉತ್ತರ:
1960ರ ಜಿನೀವಾ ಒಪ್ಪಂದಗಳ ಕಾಯ್ದೆ ಇದೆ. ಗಂಭೀರ ಉಲ್ಲಂಘನೆಗೆ ಶಿಕ್ಷೆಯೂ ಇದೆ. ಆದರೆ 17ನೇ ಸೆಕ್ಷನ್ ನೋಡಿ. ಸರ್ಕಾರವೋ ಅದು ನೇಮಿಸಿದ ಅಧಿಕಾರಿಯೋ ದೂರು ಕೊಟ್ಟರೆ ಮಾತ್ರ ಕೋರ್ಟ್ ವಿಚಾರಣೆಗೆ ತಗೊಳ್ಳಬಹುದು. ನೀವು, ನಾನು ನೇರವಾಗಿ ಹೋಗೋಕಾಗಲ್ಲ.