ಮಗುವಿನ ರಕ್ತಹೀನತೆಗೆ ಬಡತನವೇ ಮೂಲವೇ?

ಸುಮತಿ: ಜಗತ್ತಿನಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ರಕ್ತಹೀನತೆ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜು. ನಾನು ಮಕ್ಕಳ ವಾರ್ಡಿನ ದಾದಿ. ಕೂಸಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪೇ ಇಲ್ಲ. ಕೈಬಿಟ್ಟರೆ ಗೋಡೆಯ ಮಣ್ಣು ಕೆರೆದು ತಿನ್ನುತ್ತದೆ. ಕಬ್ಬಿಣದ ಸಿರಪ್ ಕೊಟ್ಟು ಕಳುಹಿಸಿದರೆ ಕೆಲವು ತಿಂಗಳಿಗೆ ಮತ್ತೆ ಅದೇ ಸ್ಥಿತಿ. ರೋಗದ ಬೇರು ಇರುವುದು ಬಡತನದಲ್ಲಿ.

ರಘುನಂದನ: ಬೇರು ಬಡತನದಲ್ಲಿದ್ದರೆ ಉಳ್ಳವರ ಮಕ್ಕಳಿಗೆ ಏಕೆ ಬರುತ್ತದೆ? ಊಟ ಬಿಡಿಸಿ ದಿನವಿಡೀ ಹಸುವಿನ ಹಾಲನ್ನೇ ಕುಡಿಸಿದರೂ ಕಬ್ಬಿಣಾಂಶ ಕುಸಿಯುತ್ತದೆ. ಕೊರತೆ ತಿಳಿವಳಿಕೆಯದು. ಅಲ್ಲದೆ ಸಮೀಕ್ಷೆಗಳಲ್ಲಿ ಬಹುಪಾಲು ಬೆರಳು ಚುಚ್ಚಿ ತೆಗೆದ ಹನಿಯ ಲೆಕ್ಕ, ಬೆರಳು ಹಿಂಡಿದರೆ ಅಳತೆಯೇ ತಪ್ಪಬಹುದು.

ವಿಶಾಲಾಕ್ಷಿ: ಹನಿಯ ಲೆಕ್ಕ ಎಂದು ತಳ್ಳಿಹಾಕಬೇಡಿ. ಬೆರಳು ಹಿಂಡದೆ ಹನಿ ತೆಗೆಯಲು ತರಬೇತಿ ಕೊಟ್ಟೇ ಕಳುಹಿಸುತ್ತಾರೆ.

ರಘುನಂದನ: ತರಬೇತಿ ಸಾಕಾಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯೇ 2024ರಲ್ಲಿ ರಕ್ತನಾಳದಿಂದ ತೆಗೆದ ರಕ್ತಕ್ಕೇ ಆದ್ಯತೆ ಕೊಡಿ ಎನ್ನುತ್ತಿರಲಿಲ್ಲ. ಆರು ತಿಂಗಳಿಂದ ಎರಡು ವರ್ಷದೊಳಗಿನವರಿಗೆ ರಕ್ತಹೀನತೆ ಎನ್ನುವ ಹಿಮೋಗ್ಲೋಬಿನ್ ಗೆರೆಯನ್ನೂ ಡೆಸಿಲೀಟರಿಗೆ 11 ಗ್ರಾಂನಿಂದ 10.5ಕ್ಕೆ ಇಳಿಸಿದೆ. ನಿನ್ನೆಯ ರೋಗಿ ಇಂದು ಆರೋಗ್ಯವಂತ!

ಸುಮತಿ: ಗೆರೆಯ ಮಾತು ಸಾಕು. ನಮ್ಮಲ್ಲಿಗೆ ಬಂದ ಕೂಸಿನದು 3.8. ಯಾವ ಗೆರೆ ಎಳೆದು ಅದನ್ನು ಆರೋಗ್ಯವಂತ ಮಾಡುತ್ತೀರಿ?

ರಘುನಂದನ: ಒಂದು ಕೂಸಿನ ಕಥೆ ಅಂಕಿಅಂಶವಲ್ಲ.

ವಿಶಾಲಾಕ್ಷಿ: ಕಥೆಯೇ? ನಾಚಿಕೆಯಾಗಬೇಕು ನಿಮಗೆ.

ಇಮ್ತಿಯಾಜ್: ಸಿರಪ್ ಎಂದಿರಲ್ಲ, ಅದೂ ಎಲ್ಲ ಕಡೆ ಅಮೃತವಲ್ಲ. ಮಲೇರಿಯಾ ಹೆಚ್ಚಿದ್ದ ತಾಂಜಾನಿಯಾದ ಪೆಂಬಾ ದ್ವೀಪದ ಪ್ರಯೋಗದಲ್ಲಿ ಕಬ್ಬಿಣ, ಫೋಲಿಕ್ ಆಮ್ಲ ಕೊಟ್ಟ ಮಕ್ಕಳಲ್ಲಿ ಆಸ್ಪತ್ರೆ ಸೇರುವಿಕೆ ಮತ್ತು ಸಾವು ಹೆಚ್ಚಿದ್ದು 2006ರಲ್ಲಿ ಪ್ರಕಟವಾಯಿತು.

ವಿಶಾಲಾಕ್ಷಿ: ಅರ್ಧ ಓದಿ ಹೆದರಿಸಬೇಡಿ. ಅದೇ ಪ್ರಯೋಗದಲ್ಲಿ ಕಬ್ಬಿಣದ ಕೊರತೆಯೂ ರಕ್ತಹೀನತೆಯೂ ಇದ್ದ ಮಕ್ಕಳಿಗೆ ಲಾಭವೇ ಆಗಿತ್ತು.

ಇಮ್ತಿಯಾಜ್: ಅದು ಉಪಗುಂಪು. ಅವರಿಗೆ ಮಲೇರಿಯಾ ಪರೀಕ್ಷೆ, ಚಿಕಿತ್ಸೆ ಕೈಗೆಟಕುವಂತಿತ್ತು.

ಗಿರೀಶ: ಕೈಗೆಟಕುವುದು ಎಂಬುದೇ ಬಡತನದ ಪ್ರಶ್ನೆ! ಕೊಕ್ಕೆಹುಳು ಬರಿಗಾಲಿನ ಚರ್ಮದಿಂದ ಒಳಹೊಕ್ಕು ಕರುಳಿನಲ್ಲಿ ರಕ್ತ ಹೀರುತ್ತದೆ. ಶೌಚಾಲಯವೂ ಚಪ್ಪಲಿಯೂ ಇಲ್ಲದವರನ್ನು ಅದು ಹುಡುಕಿಕೊಂಡು ಹೋಗಬೇಕಿಲ್ಲ. ತಾಯಿಯೇ ಸೊರಗಿದ್ದರೆ ತೂಕ ಕಡಿಮೆ ಇರುವ ಮಗು ಹುಟ್ಟುತ್ತದೆ. ಸಾಮಾನ್ಯವಾಗಿ ಆರು ತಿಂಗಳು ಬರುವ ಕಬ್ಬಿಣದ ದಾಸ್ತಾನು ಅದಕ್ಕೆ ಬೇಗ ಬರಿದಾಗುತ್ತದೆ.

ರಘುನಂದನ: ಆರು ತಿಂಗಳಾದ ಮೇಲೆ ಏನು ಉಣಿಸಬೇಕೆಂದು ತಿಳಿದಿರಬೇಕು ಎಂದೇ ನಾನೂ ಹೇಳುತ್ತಿರುವುದು. ಆದರೆ ಮೊದಲು ಅಳತೆ ಸರಿಯಾಗಲಿ.

ಸುಮತಿ: ನಾನು ಹೇಳಿದ ಆ ಕೂಸಿನ ತಾಯಿಗೆ ಎಲ್ಲವೂ ತಿಳಿದಿದೆ. ಏನು ಉಣಿಸಬೇಕೆಂದು ನಾನು ಕೇಳಿದಾಗ ತಪ್ಪಿಲ್ಲದೆ ಒಪ್ಪಿಸಿದಳು. ಕೂಸಿಗೆ ಇಂದು ಬೆಳಿಗ್ಗೆ ರಕ್ತ ಏರಿಸಿದೆವು.