ಎಂ42 ಲೆನ್ಸ್ ಡಿಎಸ್‌ಎಲ್‌ಆರ್‌ನಲ್ಲಿ ದೂರದ ದೃಶ್ಯವನ್ನು ಏಕೆ ಹಿಡಿಯುವುದಿಲ್ಲ?

ಪ್ರಶ್ನೆ:
ನನ್ನ ಬಳಿ ಎಂ42 ತಿರುಪಿನ (ಹಳೆಯ ಫಿಲ್ಮ್ ಕ್ಯಾಮೆರಾಗಳ ಸ್ಕ್ರೂ ಜೋಡಣೆಯ) ಹೀಲಿಯೋಸ್ 44-2 ಲೆನ್ಸ್ (58 ಮಿ.ಮೀ., ಎಫ್/2) ಇದೆ. ಗಾಜಿಲ್ಲದ ತೆಳುವಾದ ಅಡಾಪ್ಟರ್ ಹಾಕಿ ನಿಕಾನ್ ಡಿಎಸ್‌ಎಲ್‌ಆರ್‌ಗೆ ಜೋಡಿಸಿದರೆ ಎದುರು ಕುಳಿತವರ ಮುಖ ಚೆನ್ನಾಗಿ ಮೂಡುತ್ತದೆ; ಆದರೆ ಫೋಕಸ್ ರಿಂಗನ್ನು ಕೊನೆಯವರೆಗೆ ತಿರುಗಿಸಿದರೂ ದೂರದ ಬೆಟ್ಟ ಮಸುಕಾಗಿಯೇ ಉಳಿಯುತ್ತದೆ. ಅದೇ ಲೆನ್ಸ್ ಸ್ನೇಹಿತರ ಸೋನಿ ಮಿರರ್‌ಲೆಸ್ ಕ್ಯಾಮೆರಾದಲ್ಲಿ ದೂರವನ್ನೂ ಸ್ಪಷ್ಟವಾಗಿ ಹಿಡಿಯಿತು. ದೋಷ ಯಾವುದರಲ್ಲಿದೆ? ಮಿರರ್‌ಲೆಸ್ ಕೊಂಡರೆ ಏನೇನು ಗಮನಿಸಬೇಕು?

ಮೊದಲ ಉತ್ತರ:
ಲೆನ್ಸಿನಲ್ಲಾಗಲಿ ಅಡಾಪ್ಟರಿನಲ್ಲಾಗಲಿ ದೋಷವಿಲ್ಲ, ಎರಡು ಮೌಂಟ್‌ಗಳ (ಲೆನ್ಸ್ ಕ್ಯಾಮೆರಾಗೆ ಜೋಡಣೆಯಾಗುವ ಭಾಗಗಳ) ಅಳತೆ ಹೊಂದುತ್ತಿಲ್ಲ. ಲೆನ್ಸ್ ಕೂರುವ ಮೌಂಟಿನ ಮುಖದಿಂದ ಸೆನ್ಸರ್‌ವರೆಗಿನ ಅಂತರಕ್ಕೆ ಫ್ಲ್ಯಾಂಜ್ ದೂರ ಎನ್ನುತ್ತಾರೆ. ಎಂ42 ಲೆನ್ಸುಗಳು ಇದನ್ನು 45.46 ಮಿ.ಮೀ. ಎಂದಿಟ್ಟುಕೊಂಡು ತಯಾರಾದವು, ನಿಕಾನ್ ಎಫ್ ಮೌಂಟಿನಲ್ಲಿ ಅದು 46.5 ಮಿ.ಮೀ. ಹಾಗಾಗಿ ಅಡಾಪ್ಟರಿನ ದಪ್ಪವನ್ನು ಬಿಟ್ಟರೂ ನಿಮ್ಮ ಲೆನ್ಸ್ ಇರಬೇಕಾದ ಜಾಗಕ್ಕಿಂತ 1.04 ಮಿ.ಮೀ. ಮುಂದಕ್ಕೆ ಕುಳಿತಿದೆ. ಫೋಕಲ್ ಲೆಂತ್‌ನ (ಲೆನ್ಸಿನ ಮೇಲಿರುವ 58 ಮಿ.ಮೀ.ಯಂಥ ಅಂಕಿಯ) ವರ್ಗವನ್ನು ಈ ಹೆಚ್ಚುವರಿ ಅಂತರದಿಂದ ಭಾಗಿಸಿದರೆ, ಎಷ್ಟು ದೂರದವರೆಗೆ ಫೋಕಸ್ ಸಿಗಬಹುದೆಂಬ ಅಂದಾಜು ಬರುತ್ತದೆ: 58 ಮಿ.ಮೀ. ಲೆನ್ಸಿಗೆ ಸುಮಾರು 3.2 ಮೀಟರ್, 135 ಮಿ.ಮೀ. ಲೆನ್ಸಿಗೆ 17 ಮೀಟರಿಗೆ ಸ್ವಲ್ಪ ಹೆಚ್ಚು, 28 ಮಿ.ಮೀ. ಲೆನ್ಸಿಗೆ ಒಂದು ಮೀಟರ್ ಕೂಡ ಇಲ್ಲ. ಅಡಾಪ್ಟರಿನ ದಪ್ಪ ಸೇರಿದರೆ ಇವು ಇನ್ನೂ ಕಡಿಮೆಯಾಗುತ್ತವೆ. ಮುಖಚಿತ್ರ ಮಾತ್ರ ಸರಿಯಾಗಿ ಬರುವುದಕ್ಕೆ ಇದೇ ಕಾರಣ, ಮತ್ತು ಮುಖಚಿತ್ರಕ್ಕಷ್ಟೇ ಈ ಲೆನ್ಸ್ ಬೇಕಿದ್ದರೆ ಹೊಸ ಕ್ಯಾಮೆರಾದ ಅಗತ್ಯವೇ ಇಲ್ಲ ಎನ್ನುವುದು ನನ್ನ ಅಭಿಪ್ರಾಯ.

ಸೋನಿ ಇ ಮೌಂಟಿನ ಫ್ಲ್ಯಾಂಜ್ ದೂರ ಕೇವಲ 18 ಮಿ.ಮೀ. ಆದ್ದರಿಂದ ಉಳಿದ 27.46 ಮಿ.ಮೀ. ಅನ್ನು ಒಂದು ಖಾಲಿ ಲೋಹದ ಕೊಳವೆ ತುಂಬಿಕೊಡುತ್ತದೆ. ನಿಕಾನ್ ಝಡ್ (16 ಮಿ.ಮೀ.), ಕ್ಯಾನನ್ ಆರ್‌ಎಫ್ (20 ಮಿ.ಮೀ.) ಮೌಂಟ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಪ್ರಶ್ನೆ ಕೇಳಿದವರು:
ವಿವರಣೆಗೆ ಧನ್ಯವಾದಗಳು. ಒಳಗೆ ಗಾಜಿರುವ ಅಡಾಪ್ಟರ್ ಬಳಸಿದರೆ ಇದೇ ನಿಕಾನ್‌ನಲ್ಲಿ ದೂರದ ಫೋಕಸ್ ಸಿಗುತ್ತದೆ ಎಂದು ಓದಿದ್ದೇನೆ. ಅದು ಸರಿಯೇ?

ಎರಡನೆಯ ಉತ್ತರ:
ಸಿಗುತ್ತದೆ, ಆದರೆ ಆ ಗಾಜು ದುರ್ಬಲವಾದ ಟೆಲಿಕನ್ವರ್ಟರಿನಂತೆ (ಚಿತ್ರವನ್ನು ಹಿಗ್ಗಿಸುವ ಹೆಚ್ಚುವರಿ ಲೆನ್ಸಿನಂತೆ) ಕೆಲಸ ಮಾಡುವುದರಿಂದ ಫೋಕಲ್ ಲೆಂತ್ ತುಸು ಹೆಚ್ಚುತ್ತದೆ, ಸ್ವಲ್ಪ ಬೆಳಕೂ ನಷ್ಟವಾಗುತ್ತದೆ. ಅಪರ್ಚರನ್ನು (ಬೆಳಕು ಒಳಬರುವ ರಂಧ್ರವನ್ನು) ಪೂರ್ತಿ ತೆರೆದಾಗ ಚಿತ್ರ ಮೃದುವಾಗಿ, ಕಾಂಟ್ರಾಸ್ಟ್ ಕಡಿಮೆಯಾಗಿ ಬರುವುದು ಸಾಮಾನ್ಯ. ಹೀಲಿಯೋಸ್ 44-2 ಅನ್ನು ಜನ ಇಷ್ಟಪಡುವುದೇ ಎಫ್/2ರಲ್ಲಿ ಹಿನ್ನೆಲೆ ಸುಳಿಸುಳಿಯಾಗಿ ಕಾಣುವ ಗುಣಕ್ಕಾಗಿ. ಅಂಥ ಲೆನ್ಸಿನ ಹಿಂದೆ ಅಗ್ಗದ ಗಾಜೊಂದನ್ನು ಇಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಮಿರರ್‌ಲೆಸ್ ಕೊಂಡರೆ, ಮೊದಲು ಲೆನ್ಸ್ ಇಲ್ಲದೆಯೂ ಶಟರ್ ಬಿಡುಗಡೆಯಾಗುವ ಆಯ್ಕೆಯನ್ನು ಮೆನುವಿನಲ್ಲಿ ತೆರೆದಿಡಿ. ವಿದ್ಯುತ್ ಸಂಪರ್ಕವಿಲ್ಲದ ಲೆನ್ಸನ್ನು ಕ್ಯಾಮೆರಾ ಗುರುತಿಸುವುದಿಲ್ಲ. ಸೆನ್ಸರ್ ಸ್ಥಿರೀಕರಣ (ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ) ಇದ್ದರೆ ಫೋಕಲ್ ಲೆಂತ್ ಅನ್ನು ಕೈಯಿಂದಲೇ ನಮೂದಿಸಬೇಕು. ಎಪಿಎಸ್-ಸಿ (ಪೂರ್ಣ ಫ್ರೇಮಿಗಿಂತ ಚಿಕ್ಕ) ಸೆನ್ಸರ್ ಆದರೂ 58 ಎಂದೇ ಕೊಡಿ, ಚಿಕ್ಕ ಸೆನ್ಸರಿಗಾಗಿ 1.5ರಿಂದ ಗುಣಿಸುವ ಕ್ರಾಪ್ ಲೆಕ್ಕದ 87 ಅಲ್ಲ. ಈ ಲೆನ್ಸಿನಲ್ಲಿ ಅಪರ್ಚರಿಗೆ ಎರಡು ರಿಂಗ್‌ಗಳಿವೆ: ಒಂದರಲ್ಲಿ ಬೇಕಾದ ಮಿತಿಯನ್ನು ಮೊದಲೇ ನಿಗದಿಪಡಿಸಿ, ಇನ್ನೊಂದನ್ನು ಪೂರ್ತಿ ತೆರೆದು, ದೃಶ್ಯವನ್ನು ಹಿಗ್ಗಿಸಿ ನೋಡುತ್ತಾ ಫೋಕಸ್ ಮಾಡಿ, ಬಳಿಕ ಅದನ್ನು ಆ ಮಿತಿಗೆ ತಿರುಗಿಸಿದರಾಯಿತು. ಫೋಕಸ್ ಪೀಕಿಂಗ್ (ಸ್ಪಷ್ಟವಾದ ಭಾಗವನ್ನು ಪರದೆಯಲ್ಲಿ ಗುರುತಿಸುವ ಸೌಲಭ್ಯ) ತೋರಿಸುವ ಬಣ್ಣದ ಅಂಚುಗಳನ್ನಷ್ಟೇ ನಂಬಿದರೆ ಎಫ್/2ರಲ್ಲಿ ಕಣ್ಣಿನ ಬದಲು ಹುಬ್ಬಿಗೆ ಫೋಕಸ್ ಆಗಿರುವ ಸಾಧ್ಯತೆ ಹೆಚ್ಚು.

ಮೂರನೆಯ ಉತ್ತರ:
ಮೇಲಿನ ಮಾತುಗಳಿಗೆ ಒಂದು ಸೇರ್ಪಡೆ. ಅನೇಕ ಅಡಾಪ್ಟರುಗಳನ್ನು ನಿಗದಿತ ಉದ್ದಕ್ಕಿಂತ ಕೂದಲೆಳೆಯಷ್ಟು ಗಿಡ್ಡವಾಗಿಯೇ ಮಾಡುತ್ತಾರೆ, ಏಕೆಂದರೆ ಉದ್ದವಾದರೆ ದೂರದ ಫೋಕಸ್ ಕೈತಪ್ಪುತ್ತದೆ. ಕೇವಲ 0.1 ಮಿ.ಮೀ. ಹೆಚ್ಚಾದರೂ 20 ಮಿ.ಮೀ. ಲೆನ್ಸ್ ಸುಮಾರು 4 ಮೀಟರಿಗೇ ನಿಂತುಬಿಡುತ್ತದೆ. ನಿಮ್ಮ 58 ಮಿ.ಮೀ. ಲೆನ್ಸ್ ಮಾತ್ರ ಆಗಲೂ 33 ಮೀಟರಿನವರೆಗೆ ಹೋಗುತ್ತದೆ. ಗಿಡ್ಡ ಅಡಾಪ್ಟರಿನಲ್ಲಿ ರಿಂಗ್ ಅನಂತದ ಗುರುತನ್ನು ಮುಟ್ಟುವ ಮೊದಲೇ ಬೆಟ್ಟ ಸ್ಪಷ್ಟವಾಗುವುದರಿಂದ, ರಿಂಗನ್ನು ಕೊನೆಯವರೆಗೆ ತಿರುಗಿಸಿ ಬಿಡದೆ ಪರದೆಯನ್ನು ನೋಡಿಯೇ ಫೋಕಸ್ ನಿಲ್ಲಿಸಿ.